ದಿನದಿನದ ತಡಕ್ಕೆ ಕಾರಣ

ಕೃಷ್ಣರಾಜ ಬುಲೆವಾರ್ಡಿನಲ್ಲಿ, ಕೋರ್ಟಿಗೆ ಎದುರಾಗಿ,
ಜೆರಾಕ್ಸ್ ಅಂಗಡಿಯ ಅರ್ಧ ಬಾಗಿಲಲ್ಲಿ ನನ್ನ ಮೇಜು.
ಇಪ್ಪತ್ತಾರು ವರ್ಷ ಟೈಪಿಸ್ಟು.
‘ಘನ ನ್ಯಾಯಾಲಯವು ದಯಮಾಡಿ’
ಅನ್ನುವುದನ್ನು ಕಣ್ಣುಮುಚ್ಚಿ ಹೊಡೆಯಬಲ್ಲೆ.

ಇವತ್ತು ಬಂದವರು ಮಲ್ಲಾಜಮ್ಮ ಟೀಚರ್.
ಹನ್ನೊಂದು ವರ್ಷ ತಾಳವಾಡಿಯ ಕನ್ನಡ ಶಾಲೆಯಲ್ಲಿ ಗಣಿತ,
ಹತ್ತೊಂಬತ್ತು ವರ್ಷ ಇಲ್ಲಿ, ಒಂಟಿಕೊಪ್ಪಲಲ್ಲಿ.
ಗಡಿಯಾಚೆ ಹೇಳಿಕೊಟ್ಟ ಮಗ್ಗಿ ಸೇವೆಗೆ ಸೇರದು
ಎಂದಿತು ಇಲಾಖೆ.
ಕೋರ್ಟೂ ಹೌದೆಂದಿತು. ಅದರ ಮೇಲಿನದೂ,
ಆರು ವರ್ಷ ಕೂಡಿಸಿಟ್ಟು, ಒಂದೂವರೆ ಪುಟದಲ್ಲಿ, ಹೌದೆಂದಿತು.
ನಿಯಮದ ಪುಸ್ತಕದಲ್ಲಿ ಮಾತ್ರ
‘ಸೇರತಕ್ಕದ್ದು’ ಎಂದೇ ಇದೆ.

‘ಏಳೆರಡ್ಲ ಹದಿನಾಲ್ಕು, ತಾಳವಾಡಿಯಲ್ಲೂ ಹದಿನಾಲ್ಕೇ’
ಎಂದರು ಟೀಚರ್, ಯಾರ ಮೇಲೂ ಸಿಟ್ಟಿಲ್ಲದೆ,
ಹಿಂದಿನ ಬೆಂಚಿನ ಹುಡುಗನಿಗೆ ಹೇಳುವ ಹಾಗೆ.

ಇಲಾಖೆ ತಪ್ಪಿದರೆ ಕೋರ್ಟು.
ಕೋರ್ಟು ತಪ್ಪಿದರೆ ದೊಡ್ಡ ಕೋರ್ಟು.
ದೊಡ್ಡದೇ ತಪ್ಪಿದರೆ
ತೆರುವವರು ಯಾರು?
ಬೇಲಿ ಎದ್ದು ಹೊಲ ಮೇಯ್ದರೆ, ಅನ್ನುತ್ತಾರಲ್ಲ,
ಇಲ್ಲಿ ಬೇಲಿ ಮೇಯ್ದಿಲ್ಲ, ಪಾಪ.
ಹೊಲ ಎಲ್ಲಿಯವರೆಗೆ ಅಂತ ಓದಿಕೊಂಡಿಲ್ಲ, ಅಷ್ಟೆ.

ಜೂನಿಯರ್ ಸುಮೈಯ ಪುಸ್ತಕದಿಂದ ತಲೆಯೆತ್ತಿದಳು:
‘ಯೂರೋಪಿನಲ್ಲಿ ಸರ್ಕಾರ ತೆರಬೇಕು ಅಕ್ಕ.
ಅಲ್ಲೂ ಒಬ್ಬ ಮೇಷ್ಟ್ರು, ಗಡಿಯಾಚೆಯ ವರ್ಷಗಳು,
ಲೆಕ್ಕಕ್ಕಿಲ್ಲ ಎಂದ ದೊಡ್ಡ ಕೋರ್ಟು.
ಕೋರ್ಟೇ ಕಾನೂನು ಮುರಿದರೂ ಹೊಣೆ ದೇಶದ್ದು
ಅಂತ ತೀರ್ಪಾಯಿತು.’
ಟೀಚರ್ ಕನ್ನಡಕ ತೆಗೆದರು. ‘ಮೇಷ್ಟ್ರಿಗೆ ಸಿಕ್ಕಿತೇನಮ್ಮ?’
‘ಇಲ್ಲ. ತಪ್ಪು ಹೌದು,
ಎದ್ದು ಕಾಣುವಷ್ಟು ತಪ್ಪಲ್ಲ ಎಂದರು.’

‘ಉಳಿದವರಿಗೆ?’
‘ಅವರವರ ದೇಶದ ಬಾಗಿಲಿಂದಲೇ ಹೋಗಬೇಕು.
ವಾಯಿದೆ, ಶುಲ್ಕ, ನಮೂನೆ, ಎಲ್ಲ ಆಯಾ ಊರಿನದು.
ಮನೆಯವರಿಗೆ ಎಷ್ಟು ಅಗಲವೋ ಇವರಿಗೂ ಅಷ್ಟಿರಬೇಕು,
ನುಸುಳಲಾಗದಷ್ಟು ಕಿರಿದು ಮಾಡಬಾರದು.’
‘ಎಷ್ಟಾದರೆ ಕಿರಿದು?’
‘ಅಳತೆ ಕೊಟ್ಟಿಲ್ಲ ಮೇಡಂ.’

ನನಗೆ ನಗು ಬಂತು. ಅಲ್ಲೂ ಲಿಮಿಟೇಶನ್ನು!
ಸಮುದ್ರ ದಾಟಿ ಹೋದ ನ್ಯಾಯಕ್ಕೂ
ನಾಲ್ಕೂವರೆಗೆ ಮುಚ್ಚುವ ಕೌಂಟರು.

ಸರಿ, ಶುರು ಮಾಡಿದೆ. ತಪ್ಪಿದ ಕೋರ್ಟಿಗೇ
ತಪ್ಪು ತೋರಿಸುವ ಅರ್ಜಿ. ಅವಧಿ ಮೀರಿದೆ.
ದಿನದಿನದ ತಡಕ್ಕೂ ಕಾರಣ ಬೇಕು.
ಆರು ವರ್ಷಕ್ಕೆ ಯಾರೂ ಬರೆಯದ ಕಾರಣ
ಟೀಚರ್ ಒಂದೊಂದಾಗಿ ಹೇಳಿದರು:
ತೀರ್ಪಿನ ನಕಲು ಸಿಗಲು ಮೂವತ್ತೇಳು ದಿನ,
ಕಣ್ಣಿನ ಪೊರೆಗೆ ಅರವತ್ತೊಂದು,
ವಕೀಲರ ಮನೆಯಲ್ಲಿ ಕಳೆದ ಫೈಲಿಗೆ ತೊಂಬತ್ತು.
ಆಮೇಲೆ ಸುಮ್ಮನಾದರು.
ಆಟೋ ಒಂದು ಹೋಯಿತು, ಇನ್ನೊಂದು ಹೋಯಿತು.
‘ಕೋರ್ಟೂ ತಪ್ಪಬಹುದು ಅಂತ
ನಂಬೋದಕ್ಕೆ ನನಗೆ ಹಿಡಿದದ್ದು, ಬರ್ಕೊಳ್ಳಿ,
ಇನ್ನೂರ ಇಪ್ಪತ್ತಮೂರು.’

ಇದನ್ನು ಯಾವ ಕಲಮಿನ ಕೆಳಗೆ ಹಾಕಲಿ?
ಸುಮೈಯಳನ್ನು ನೋಡಿದೆ. ಅವಳು ಕಿಟಕಿ ನೋಡಿದಳು.
ಹೇಳಿದ ಹಾಗೇ ಹೊಡೆದೆ.

ಪ್ರಿಂಟು ಕೈಗೆ ಬಂದದ್ದೇ ತಡ
ಟೀಚರ್ ಚೀಲದಿಂದ ಕೆಂಪು ಪೆನ್ನು ತೆಗೆದರು.
ಒಟ್ಟು ನಾನೂರ ಹನ್ನೆರಡು ಎಂದಿದ್ದ ಕಡೆ ಗೆರೆ ಎಳೆದು
ಪಕ್ಕದಲ್ಲಿ ದುಂಡಗೆ: ೪೧೧.
‘ಒಂದು ದಿನ ಜಾಸ್ತಿ ಕೂಡಿಸಿದ್ದೀರಿ.’
‘ನಿಮಗೇ ಲಾಭ ಬಿಡಿ, ಟೀಚರ್.’
‘ಲಾಭವಿರಲಿ. ತಪ್ಪು ತಪ್ಪೇ.’

ಮತ್ತೆ ಹೊಡೆದೆ, ಇಡೀ ಪುಟ.
ಸಂಜೆಯ ಕೊರಿಯರಿನವನು ಹಾರ್ನ್ ಮಾಡುತ್ತಿದ್ದ.
ಹೊಸ ಹಾಳೆಯ ಎರಡು ರೂಪಾಯಿಗೆ ಟೀಚರ್ ಪರ್ಸು ತೆಗೆದರು.
ಬೇಡ ಅಂದೆ.
ಕೂಡಿಸಿದ್ದು ನಾನು.